ಕಲ್ಲು, ಮರ, ಮಣ್ಣಿನ ಜೊತೆ ಕಬ್ಬಿಣ, ಕಾಂಕ್ರೀಟ್ ಸೇರಿಸಿ ಮನೆ ಮಾಡೋದು ಹೇಗೆ: ಬೆಂಗಳೂರಿನವರಿಗೆ ಸಮಗ್ರ ಮಾರ್ಗದರ್ಶಿ

ಈಗ ಬೆಂಗಳೂರಲ್ಲಿ ಮನೆ ಕಟ್ಟೋರು, ಫ್ಲಾಟ್ ಇಂಟೀರಿಯರ್ ಮಾಡಿಸೋರು ಸುಮಾರು ಜನ ಒಂದೇ ತರದ ಫೋಟೋ ಇಟ್ಕೊಂಡು ಬರ್ತಾರೆ, ಪ್ಲಾಸ್ಟರ್ ಇಲ್ಲದ ಕಾಂಕ್ರೀಟ್ ಗೋಡೆ, ಪಕ್ಕದಲ್ಲಿ ಇಟ್ಟಿಗೆ, ಕಪ್ಪು ಕಬ್ಬಿಣದ ಫ್ರೇಮು, ಅದರ ಮೇಲೆ ದಪ್ಪ ತೇಗದ ಹಲಗೆ, ಕೆಳಗೆ ಒರಟು ಕಲ್ಲು. ನೋಡೋಕೆ ನಿಜವಾಗ್ಲೂ ಚೆನ್ನಾಗಿರತ್ತೆ, ನನಗೂ ತುಂಬಾ ಇಷ್ಟ. ಆದ್ರೆ ಫೋಟೋ ತೆಗೆಯೋದು ಕೆಲಸ ಮುಗಿದ ಹೊಸದರಲ್ಲಿ, ಎರಡು ಮಳೆಗಾಲ ಕಳೆದ ಮೇಲೆ ಅದೇ ಮನೇಲಿ ಹಲಗೆ ಸೀಳಿದೆಯಾ, ಕಬ್ಬಿಣದ ತುಕ್ಕು ಇಳಿದು ನೆಲ ಕಂದು ಬಣ್ಣ ಆಗಿದೆಯಾ ಅನ್ನೋದು ಅದರಲ್ಲಿ ಗೊತ್ತಾಗಲ್ಲ.

ಈ ಮಾರ್ಗದರ್ಶಿ ಉದ್ದಕ್ಕೂ ನಾನು ಹೇಳೋದು ಒಂದೇ ವಿಷಯ. ಯಾವ ಮೆಟೀರಿಯಲ್ ತಗೊಂಡ್ರಿ ಅನ್ನೋದಕ್ಕಿಂತ ಎರಡು ಮೆಟೀರಿಯಲ್ ಸೇರೋ ಜಾಗನ ಹೇಗೆ ಮಾಡಿಸಿದ್ರಿ ಅನ್ನೋದರ ಮೇಲೇ ಮನೆ ನಿಲ್ಲೋದು. ಮರ ಮಳೆಗಾಲದಲ್ಲಿ ಉಬ್ಬತ್ತೆ, ಬೇಸಿಗೇಲಿ ಕುಗ್ಗತ್ತೆ, ಕಬ್ಬಿಣ ಬಿಸಿಲಿಗೆ ಬೆಳೆಯತ್ತೆ, ಮಣ್ಣು ನೀರು ಕುಡಿಯತ್ತೆ, ಕಲ್ಲು ಎಣ್ಣೆ ಕುಡಿಯತ್ತೆ, ಕಾಂಕ್ರೀಟ್ ಒಣಗ್ತಾ ಒಣಗ್ತಾ ತಾನೇ ಸ್ವಲ್ಪ ಕುಗ್ಗತ್ತೆ. ಒಂದೊಂದಕ್ಕೂ ಒಂದೊಂದು ಸ್ವಭಾವ, ಇವನ್ನೆಲ್ಲ ಅಂಟು ಹಾಕಿ ಬಿಗಿಯಾಗಿ ಕೂರಿಸಿಬಿಟ್ರೆ ಎಲ್ಲಾದ್ರೂ ಒಂದ್ಕಡೆ ಬಿಟ್ಕೊಳ್ಳಲೇಬೇಕು.

ಶುರು ಮಾಡೋಕೆ ಮುಂಚೆ ಒಂದು ಜಾಗ ನೆನಪಲ್ಲಿ ಇಟ್ಕೊಳ್ಳಿ, ಬನ್ನೇರುಘಟ್ಟ ರಸ್ತೆಯ ಐಐಎಂ ಕ್ಯಾಂಪಸ್ಸು. ಆರ್ಕಿಟೆಕ್ಟ್ ಬಿ.ವಿ. ದೋಶಿ ಅವರ ಡಿಸೈನು, 2018ರಲ್ಲಿ ವಾಸ್ತುಶಿಲ್ಪಕ್ಕೆ ಕೊಡೋ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತಲ್ಲ ಅವರೇ. ಅಲ್ಲಿ ಇರೋದು ನಮ್ಮ ಕಡೆಯ ಒರಟು ಗ್ರಾನೈಟ್ ಗೋಡೆ, ಬರೀ ಕಾಂಕ್ರೀಟು, ಆಮೇಲೆ ಗಿಡ ಬಳ್ಳಿ ಮತ್ತೆ ಮೇಲಿಂದ ಬೀಳೋ ಬಿಸಿಲು, ಇಷ್ಟೇ. ಕಲ್ಲೂ ಬೂದು, ಕಾಂಕ್ರೀಟೂ ಬೂದು, ಆದ್ರೆ ಒಂದು ಒರಟು ಇನ್ನೊಂದು ನಯ, ಅದಕ್ಕೇ ಎರಡೂ ಒಂದಕ್ಕೊಂದು ಒಪ್ಪತ್ತೆ. ಹತ್ತು ತರದ ಮೆಟೀರಿಯಲ್ ತುಂಬಿದ್ರೆ ಆ ಶಾಂತಿ ಬರಲ್ಲ.

ಮೊದಲು ನಿಮ್ಮ ಮನೆ ಯಾವ ತರದ್ದು ಅಂತ ನೋಡ್ಕೊಳ್ಳಿ

30×40 ಸೈಟಲ್ಲಿ ಹೊಸದಾಗಿ ಕಟ್ತಿದ್ರೆ ಗೋಡೆಯಿಂದಾನೇ ಶುರು ಮಾಡಬಹುದು, ಎಲ್ಲಾ ದಾರಿ ತೆರೆದಿದೆ. ಹಳೇ ಮನೆ ರಿಪೇರಿ ಆದ್ರೆ ಮೊದಲು ಇರೋದನ್ನ ಕೆರೆದು ನೋಡಿ, ಬಸವನಗುಡಿ, ಮಲ್ಲೇಶ್ವರದ ಹಳೇ ಮನೆಗಳಲ್ಲಿ ಟೈಲ್ಸ್ ಕೆಳಗೆ ಒಳ್ಳೇ ರೆಡ್ ಆಕ್ಸೈಡ್ ನೆಲ, ಪೇಂಟಿನ ಕೆಳಗೆ ತೇಗದ ಚೌಕಟ್ಟು ಸಿಗೋದುಂಟು, ಅದನ್ನ ಕಿತ್ತು ಹೊಸದು ಹಾಕೋದಕ್ಕಿಂತ ಉಳಿಸ್ಕೊಳ್ಳೋದೇ ಒಳ್ಳೇದು.

ಫ್ಲಾಟಲ್ಲಿ ಇರೋರು ತೂಕದ ಬಗ್ಗೆ ಯೋಚನೆ ಮಾಡ್ಬೇಕು, ಇದನ್ನ ತುಂಬಾ ಜನ ಬಿಟ್ಬಿಡ್ತಾರೆ. 20 ಎಂಎಂ ಗ್ರಾನೈಟ್ ಒಂದು ಚದರ ಮೀಟರಿಗೆ ಸುಮಾರು 54 ಕೆಜಿ ತೂಗತ್ತೆ, ಅದರ ಕೆಳಗೆ 40 ಎಂಎಂ ಗಾರೆ ಹಾಸಿದ್ರೆ ಇನ್ನೂ 80 ಕೆಜಿ ಮೇಲೆ. ಮನೆಯ ಸ್ಲ್ಯಾಬು ಸಾಮಾನ್ಯವಾಗಿ ಜನ, ಸಾಮಾನು ಎಲ್ಲಾ ಸೇರಿ ಚದರ ಮೀಟರಿಗೆ 200 ಕೆಜಿ ಭಾರ ಅಂತ ಲೆಕ್ಕ ಹಾಕಿ ಡಿಸೈನ್ ಆಗಿರತ್ತೆ, ನೆಲದ ಫಿನಿಶಿಂಗಿಗೆ ಬೇರೆ ಸ್ವಲ್ಪ ಬಿಟ್ಟಿರ್ತಾರೆ. ಹಳೇ ಟೈಲ್ಸ್ ಮೇಲೇನೇ ಗಾರೆ ಹಾಕಿ ಕಲ್ಲು ಕೂರಿಸಿ, ಗೋಡೆಗೂ ಕಲ್ಲು ಹೊಡೆಸಿದ್ರೆ ಲೆಕ್ಕ ಎಲ್ಲೋ ಹೋಗತ್ತೆ. ಸ್ಟ್ರಕ್ಚರಲ್ ಇಂಜಿನಿಯರನ್ನ ಕೇಳದೇ ಈ ಕೆಲಸ ಬೇಡ. ಫ್ಲಾಟಿಗೆ ಕೆಲವೇ ಎಂಎಂ ದಪ್ಪಕ್ಕೆ ಬಳಿಯೋ ಮೈಕ್ರೋ ಸಿಮೆಂಟು, ಮರ, ಬೆತ್ತ, ತೆಳು ಕಬ್ಬಿಣದ ಫ್ರೇಮು, ಹತ್ತಿ ಬಟ್ಟೆ ಇಷ್ಟರಲ್ಲೇ ಚೆನ್ನಾಗಿ ಮಾಡಬಹುದು.

ಒಂದು ಮುಖ್ಯ, ಎರಡು ಜೊತೆಗೆ

ಮನೇಲಿ ಯಾವುದು ಹೆಚ್ಚು ಕಾಣ್ಬೇಕು ಅಂತ ಮೊದಲೇ ತೀರ್ಮಾನ ಮಾಡಿ. ಒಂದು ಮೆಟೀರಿಯಲ್ ಮುಖ್ಯ, ಅದಕ್ಕೆ ಎರಡು ಜೊತೆ, ಅಷ್ಟೇ ಸಾಕು. ಇಟ್ಟಿಗೆ ಮುಖ್ಯ ಆದ್ರೆ ಕಬ್ಬಿಣ ತೆಳ್ಳಗಿರಲಿ, ನೆಲ ಬೂದು ಬಣ್ಣದ ಸಿಮೆಂಟ್ ಇರಲಿ. ಕಾಂಕ್ರೀಟ್ ಮುಖ್ಯ ಆದ್ರೆ ಮರ ಜಾಸ್ತಿ ಬೇಕು, ಇಲ್ಲಾಂದ್ರೆ ಮನೆ ತಣ್ಣಗೆ ಕಾಣತ್ತೆ. ನನ್ನ ಅಭಿಪ್ರಾಯದಲ್ಲಿ ಕೈ ಕಾಲು ಮುಟ್ಟೋ ಕಡೆ ನೈಸರ್ಗಿಕ ಮೆಟೀರಿಯಲ್ಲು, ಭಾರ ಹೊರೋ ಕಡೆ ಫ್ಯಾಕ್ಟರಿ ಮೆಟೀರಿಯಲ್ಲು, ಈ ಹಂಚಿಕೆ ಯಾವ ಮನೆಗಾದ್ರೂ ಹೊಂದತ್ತೆ. ಮೆಟ್ಟಿಲಿನ ತೊಲೆ ಕಬ್ಬಿಣ, ಕಾಲಿಡೋ ಹಲಗೆ ಮರ, ಕೈ ಹಿಡಿಯೋ ಕಂಬಿ ಮರ. ಕಿಟಕಿ ಫ್ರೇಮು ಕಬ್ಬಿಣ, ಕೂತ್ಕೊಳ್ಳೋ ಕಟ್ಟೆ ಕಲ್ಲು.

ಬಣ್ಣದಲ್ಲಿ ಬೆಚ್ಚಗಿನದ್ದು ಎಷ್ಟು, ತಣ್ಣಗಿನದ್ದು ಎಷ್ಟು ಅಂತಾನೂ ನೋಡಿ, ಬೂದು ಕಪ್ಪು ಎರಡೇ ಇದ್ರೆ ಜೂನ್ ಜುಲೈ ಮೋಡದ ದಿನಗಳಲ್ಲಿ ಮನೆ ಮಂಕಾಗತ್ತೆ.

ಮಳೆ ಮತ್ತು ಬಿಸಿಲು ಬರೋ ದಿಕ್ಕು

ಬೆಂಗಳೂರಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಳಿ ಪಶ್ಚಿಮ, ನೈಋತ್ಯದಿಂದ, ಅಕ್ಟೋಬರ್ ನವೆಂಬರಲ್ಲಿ ಈಶಾನ್ಯದಿಂದ. ಏಪ್ರಿಲ್ ಮೇ ತಿಂಗಳ ಗುಡುಗು ಮಳೆ ಯಾವ ಕಡೆಯಿಂದ ಬೇಕಾದ್ರೂ ಹೊಡೆಯತ್ತೆ. ಹಾಗಾಗಿ ಸುಡದೇ ಒತ್ತಿ ಮಾಡೋ ಮಣ್ಣಿನ ಇಟ್ಟಿಗೆ ಗೋಡೆ, ಪಾಲಿಶ್ ಮಾಡಿದ ಮರ ಇವನ್ನ ಪಶ್ಚಿಮಕ್ಕೆ ಬರೀ ಮೈಯಲ್ಲಿ ನಿಲ್ಲಿಸಬೇಡಿ, ಎರಡು ಅಡಿ ಸಜ್ಜ ಅಥವಾ ಚಾವಣಿಯ ಚಾಚು ಇರಲೇಬೇಕು. ಪಶ್ಚಿಮದ ಸಂಜೆ ಬಿಸಿಲು ಅಡ್ಡಡ್ಡ ಬರೋದ್ರಿಂದ ಸಜ್ಜ ಅದನ್ನ ತಡೆಯಲ್ಲ, ಅಲ್ಲಿ ಟೆರಾಕೋಟ ಜಾಲಿ, ಬಿದಿರಿನ ತಡಿಕೆ, ಒಂದು ಹೊಂಗೆ ಮರ ಹೀಗೆ ನಿಂತಿರೋ ಅಡ್ಡ ಬೇಕು. ದೊಡ್ಡ ಗಾಜು, ಕಪ್ಪು ಕಬ್ಬಿಣದ ಬಾಗಿಲು ಎಲ್ಲಾ ಉತ್ತರ ಪೂರ್ವಕ್ಕೆ ಬಂದ್ರೆ ಆರಾಮು. ಪಶ್ಚಿಮಕ್ಕಿರೋ ಕಪ್ಪು ಕಬ್ಬಿಣದ ಹ್ಯಾಂಡಲ್ನ ಏಪ್ರಿಲ್ ಮಧ್ಯಾಹ್ನ ಮುಟ್ಟೋಕಾಗಲ್ಲ.

ಸ್ಯಾಂಪಲ್ ಇಲ್ಲದೇ ಆರ್ಡರ್ ಬೇಡ

ಜಿಗಣಿಯ ಗ್ರಾನೈಟ್ ಫ್ಯಾಕ್ಟರಿಗಳಲ್ಲಿ ಕಲ್ಲು, ಮಾಲೂರಿನ ಕಡೆ ಇಟ್ಟಿಗೆ ಹೆಂಚು, ಮೈಸೂರು ರಸ್ತೆ ಟಿಂಬರ್ ಯಾರ್ಡ್ ಲೇಔಟಲ್ಲಿ ಮರ, ಪೀಣ್ಯದಲ್ಲಿ ಕಬ್ಬಿಣದ ಕೆಲಸ, ಬಂಬೂ ಬಜಾರಲ್ಲಿ ಬಿದಿರು, ಪಾಟರಿ ಟೌನಲ್ಲಿ ಮಡಕೆ ಕುಡಿಕೆ, ಎಸ್.ಪಿ. ರೋಡಲ್ಲಿ ಹಾರ್ಡ್‌ವೇರು. ಒಂದು ಶನಿವಾರ ಇಟ್ಕೊಂಡು ಎಲ್ಲಾ ಕಡೆ ಅಂಗೈ ಅಗಲದ ತುಂಡು ಕೇಳಿ ತನ್ನಿ, ಕೊಡ್ತಾರೆ. ತಂದು ಮನೆ ಬೆಳಕಲ್ಲೇ ಒಟ್ಟಿಗೆ ಇಟ್ಟು ನೋಡಿ, ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ನೋಡಿದ ಬಣ್ಣ ನಂಬ್ಬೇಡಿ.

ಆಮೇಲೆ ಪರೀಕ್ಷೆ ಮಾಡಿ. ಕಲ್ಲಿನ ಮೇಲೆ ನಿಂಬೆರಸ ಹತ್ತು ನಿಮಿಷ ಬಿಡಿ. ಶಹಾಬಾದ್, ಕಡಪ, ಕೋಟಾ ಇವೆಲ್ಲ ಸುಣ್ಣದ ಅಂಶದ ಕಲ್ಲು, ಹುಳಿ ಬಿದ್ದ ಕಡೆ ಹೊಳಪು ಹೋಗತ್ತೆ, ಗ್ರಾನೈಟಿಗೆ ಏನೂ ಆಗಲ್ಲ. ಒಂದು ತೊಟ್ಟು ಅಡುಗೆ ಎಣ್ಣೆ ಹಾಕಿ ರಾತ್ರಿ ಬಿಡಿ, ಬೆಳಗ್ಗೆ ಕಲೆ ಉಳಿದ್ರೆ ಸೀಲರ್ (ಕಲೆ ಒಳಗೆ ಇಳಿಯದ ಹಾಗೆ ಹಚ್ಚೋ ದ್ರವ) ಹೊಡೆಸಲೇಬೇಕು. ಮಣ್ಣಿನ ಇಟ್ಟಿಗೆನ ಒಂದು ದಿನ ಪೂರ್ತಿ ನೀರಲ್ಲಿ ಮುಳುಗಿಸಿ, ಅಂಚು ಉದುರಿದ್ರೆ ಆ ಲಾಟ್ ಬೇಡ. ಸುಟ್ಟ ಇಟ್ಟಿಗೆ ಎರಡನ್ನ ಒಂದಕ್ಕೊಂದು ತಾಗಿಸಿ, ಖಣ್ ಅಂತ ಸದ್ದು ಬರ್ಬೇಕು.

ಗೋಡೆ

ಮಣ್ಣಿನ ಇಟ್ಟಿಗೆ ವಿಷಯದಲ್ಲಿ ಬೆಂಗಳೂರು ಹೆಮ್ಮೆ ಪಡ್ಬೇಕು, ಇದರ ಮೇಲೆ ದೊಡ್ಡ ಕೆಲಸ ಆಗಿದ್ದೇ ನಮ್ಮ ಐಐಎಸ್ಸಿಯಲ್ಲಿ, 1974ರಲ್ಲಿ ಶುರುವಾದ ಅಸ್ತ್ರ ಅನ್ನೋ ಕೇಂದ್ರದಲ್ಲಿ. ಕೈಯಿಂದ ಒತ್ತೋ ಮರ್ದಿನಿ ಅನ್ನೋ ಮಷೀನೂ ಅಲ್ಲಿಂದಾನೇ ಬಂದಿದ್ದು. ಕೆಂಪು ಮಣ್ಣಿಗೆ ಮರಳು ಅಥವಾ ಕ್ವಾರಿ ಡಸ್ಟ್ (ಕಲ್ಲಿನ ಪುಡಿ) ಸೇರಿಸಿ, ಸುಮಾರು 6ರಿಂದ 8 ಪರ್ಸೆಂಟ್ ಸಿಮೆಂಟ್ ಹಾಕಿ, ಮಷೀನಲ್ಲಿ ಒತ್ತಿ, ಸುಡದೇ ಮೂರ್ನಾಲ್ಕು ವಾರ ನೀರು ಹೊಡೆದು ಗಟ್ಟಿ ಮಾಡ್ತಾರೆ. ಪಾಯ ತೋಡಿದ ಮಣ್ಣೇ ಎಷ್ಟೋ ಸಲ ಸಾಕಾಗತ್ತೆ, ಮೇಲಿನ ಗೊಬ್ಬರದ ಮಣ್ಣು ಮಾತ್ರ ತೆಗೆದಿಡಿ, ಎರೆಮಣ್ಣಾದ್ರೆ ಹಾಗೇ ಬಳಸೋಕಾಗಲ್ಲ. ನೈಸರ್ಗಿಕ ಮಣ್ಣಿಗೆ ಫ್ಯಾಕ್ಟರಿ ಸಿಮೆಂಟ್ ಚೂರೇ ಚೂರು ಬೆರೆಸಿ ಮಾಡೋ ಇಟ್ಟಿಗೆ ಇದು, ನಮ್ಮ ವಿಷಯಕ್ಕೆ ಇದಕ್ಕಿಂತ ಒಳ್ಳೇ ಉದಾಹರಣೆ ಬೇಕಾ?

ಮಣ್ಣಿನ ಗೋಡೆ ನೆಲದಿಂದಾನೇ ಶುರು ಆಗಬಾರದು. ಮೊದಲ ಎರಡು ಅಡಿ ಸೈಜುಗಲ್ಲು ಅಥವಾ ಚೆನ್ನಾಗಿ ಸುಟ್ಟ ಇಟ್ಟಿಗೆ, ಅದರ ಮೇಲೆ ಕಾಂಕ್ರೀಟ್ ಪ್ಲಿಂತ್ ಬೀಮ್ (ಪಾಯದ ಮೇಲೆ ಗೋಡೆ ಉದ್ದಕ್ಕೂ ಹಾಕೋ ತೊಲೆ), ಆಮೇಲೆ ಮಣ್ಣು. ನೆಲದ ತೇವ, ಮಳೆ ನೀರು ಸಿಡಿಯೋದು ಎರಡೂ ಅಲ್ಲಿಗೇ ನಿಲ್ಲತ್ತೆ. ಇದರ ಮೇಲೆ ಸಿಮೆಂಟ್ ಪ್ಲಾಸ್ಟರ್ ಗಟ್ಟಿಯಾಗಿ ಮಾಡಿಸಬೇಡಿ, ಒಳಗಿನ ತೇವ ಹೊರಗೆ ಬರೋಕಾಗದೇ ಪ್ಲಾಸ್ಟರ್ ಹಾಳೆ ಹಾಳೆಯಾಗಿ ಎದ್ದು ಬರತ್ತೆ. ಬೇಕಿದ್ರೆ ಸುಣ್ಣದ ಗಾರೆ ಅಥವಾ ಮಣ್ಣಿನ ಗಿಲಾವು, ಇಲ್ಲಾಂದ್ರೆ ಹಾಗೇ ಬಿಟ್ಟು ಉಸಿರಾಡೋಕೆ ಬಿಡೋ ತರದ ಸೀಲರ್ ಮಾತ್ರ.

ಸುಟ್ಟ ಇಟ್ಟಿಗೆ ಆದ್ರೆ ರ್‍ಯಾಟ್ ಟ್ರಾಪ್ ಅನ್ನೋ ಕಟ್ಟೋ ವಿಧಾನ ಕೇಳಿ, ಆರ್ಕಿಟೆಕ್ಟ್ ಲಾರಿ ಬೇಕರ್ ಅವರು ಕೇರಳದಲ್ಲಿ ಬಳಸಿ ಜನಪ್ರಿಯ ಮಾಡಿದ್ದು. ಇಟ್ಟಿಗೆನ ಅಡ್ಡ ಮಲಗಿಸದೇ ಸೈಡಿಗೆ ನಿಲ್ಲಿಸಿ ಮಧ್ಯೆ ಟೊಳ್ಳು ಬಿಟ್ಟು ಕಟ್ತಾರೆ, ಇಟ್ಟಿಗೆ ಸುಮಾರು ಕಾಲು ಭಾಗ ಉಳಿಯತ್ತೆ, ಒಳಗೆ ಬಿಸಿ ಕಡಿಮೆ, ಮತ್ತೆ ಆ ಟೊಳ್ಳಲ್ಲೇ ವೈರಿಂಗ್ ಪೈಪ್ ಹೋಗಬಹುದು. ಎಲ್ಲಾ ಮೇಸ್ತ್ರಿಗಳಿಗೂ ಇದು ಕೈಗೆ ಬಂದಿರಲ್ಲ, ಹಿಂದೆ ಕಟ್ಟಿದ ಗೋಡೆ ತೋರಿಸಿ ಅಂತ ಕೇಳಿ. ಬಜೆಟ್ ಕಡಿಮೆ ಇದ್ರೆ ಬೆಂಗಳೂರಲ್ಲಿ ಎಲ್ಲರೂ ಕಟ್ಟೋ ಸಾಲಿಡ್ ಕಾಂಕ್ರೀಟ್ ಬ್ಲಾಕನ್ನೇ ಒಂದು ಗೋಡೆಗೆ ಪ್ಲಾಸ್ಟರ್ ಇಲ್ಲದೇ ನೀಟಾಗಿ ಕಟ್ಟಿಸಿ ನೋಡಿ, ಮರದ ಪಕ್ಕ ಅದು ಬಹಳ ಚೆನ್ನಾಗಿ ಕೂರತ್ತೆ.

ಇನ್ನು ಬರೀ ಕಾಂಕ್ರೀಟು. ಇದಕ್ಕೆ ಎರಡನೇ ಅವಕಾಶ ಇಲ್ಲ, ಸೆಂಟ್ರಿಂಗ್ (ಕಾಂಕ್ರೀಟ್ ಸುರಿಯೋ ಅಚ್ಚು) ಬಿಚ್ಚಿದಾಗ ಏನು ಕಾಣತ್ತೋ ಅದೇ ಕೊನೆ. ಅಚ್ಚಿಗೆ ಹೊಸ ಫಿಲ್ಮ್ ಫೇಸ್ (ನುಣುಪು ಮೈಯ) ಪ್ಲೈವುಡ್ ಬೇಕು, ಜಾಯಿಂಟಲ್ಲಿ ಸಿಮೆಂಟ್ ಹಾಲು ಸೋರದ ಹಾಗೆ ಟೇಪ್ ಹಾಕ್ಬೇಕು, ವೈಬ್ರೇಟರ್ ಸರಿಯಾಗಿ ಹಿಡೀಬೇಕು, ಕಂಬಿ ಮೇಲೆ ಸಾಕಷ್ಟು ದಪ್ಪ ಕಾಂಕ್ರೀಟ್ (ಕವರ್) ನಿಲ್ಲೋ ಹಾಗೆ ಕವರ್ ಬ್ಲಾಕ್ ಇಡ್ಬೇಕು, ಸ್ಲ್ಯಾಬಿಗೆ 20 ಎಂಎಂ, ಕಾಲಮ್ಮಿಗೆ 40 ಎಂಎಂ. ಕವರ್ ಕಡಿಮೆ ಆದ್ರೆ ವರ್ಷಗಳ ಮೇಲೆ ಕಂಬಿ ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟನ್ನ ಒಡೆಯತ್ತೆ, ಮೇಲೆ ಪ್ಲಾಸ್ಟರ್ ಬೇರೆ ಇರಲ್ಲ ತಡೆಯೋಕೆ. ಮೊದಲು ಸೈಟಲ್ಲೇ ಒಂದು ಮೂರಡಿ ಸ್ಯಾಂಪಲ್ ಗೋಡೆ ಹಾಕಿಸಿ, ಅದು ಒಪ್ಪಿಗೆ ಆದ ಮೇಲೇ ಮುಂದಕ್ಕೆ. ಜೇನುಗೂಡಿನ ತರ ತೂತು ಬಿದ್ದಿದ್ರೆ ಇಂಜಿನಿಯರ್ ನೋಡೋ ತನಕ ಅದರ ಮೇಲೆ ಯಾರೂ ಸಿಮೆಂಟ್ ಸವರೋದು ಬೇಡ. ಚಾವಣಿಗೆ ಕಂಬಿಗಳ ಮಧ್ಯೆ ಮಂಗಳೂರು ಹೆಂಚು ತುಂಬಿ ಕಾಂಕ್ರೀಟ್ ಸುರಿಯೋ ಫಿಲ್ಲರ್ ಸ್ಲ್ಯಾಬ್ ಹಾಕಿಸಿದ್ರೆ ಕೆಳಗಿಂದ ನೋಡಿದಾಗ ಬೂದು ಕಾಂಕ್ರೀಟ್ ಮಧ್ಯೆ ಕೆಂಪು ಹೆಂಚು ಕಾಣತ್ತೆ, ಕಾಂಕ್ರೀಟೂ ಸ್ವಲ್ಪ ಉಳಿಯತ್ತೆ. ಡಿಸೈನ್ ಮಾತ್ರ ಇಂಜಿನಿಯರೇ ಮಾಡ್ಬೇಕು.

ಗೋಡೆ ವಿಷಯದಲ್ಲಿ ಸೇರೋ ಜಾಗ ಅಂದ್ರೆ ಕಾಲಮ್ಮು ಮತ್ತು ಇಟ್ಟಿಗೆ ಕೂಡೋ ಗೆರೆ. ಪ್ಲಾಸ್ಟರ್ ಮಾಡ್ತಿದ್ರೆ ಅಲ್ಲಿ ಕೋಳಿ ಜಾಲರಿ ಹೊಡೆಸಿ, ಹಾಗೇ ಬಿಡ್ತಿದ್ರೆ ಬೇಕಂತಲೇ 10 ಎಂಎಂ ಗೀರು ಬಿಡಿಸಿ. ಬಿರುಕು ಬರೋದಾದ್ರೆ ಆ ಗೀರಿನ ಒಳಗೇ ಬರತ್ತೆ, ಕಣ್ಣಿಗೆ ಬೀಳಲ್ಲ.

ಮತ್ತೆ ವೈರಿಂಗು! ಪ್ಲಾಸ್ಟರ್ ಇಲ್ಲದ ಗೋಡೆನ ಆಮೇಲೆ ಕೊರೆಯೋಕಾಗಲ್ಲ. ಟಿವಿ ಎಲ್ಲಿ, ಮಂಚದ ಪಕ್ಕ ಪ್ಲಗ್ ಎಲ್ಲಿ, ಗೀಸರ್, ಇನ್ವರ್ಟರ್, ವೈಫೈ ಎಲ್ಲಾ ಗೋಡೆ ಏಳೋ ಮುಂಚೇನೇ ಡ್ರಾಯಿಂಗಲ್ಲಿ ಇರಬೇಕು. ಹಳೇ ಮನೆ ಆದ್ರೆ ಗೋಡೆ ಮೇಲೇನೇ ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪು ಓಡಿಸಿ, ನೇರವಾಗಿ ಒಂದೇ ಎತ್ತರದಲ್ಲಿ ಓಡಿಸಿದ್ರೆ ಅದೇ ಒಂದು ಅಂದ. ಲೋಹದ ಪೈಪಿಗೆ ಅರ್ತಿಂಗ್ ಕೊಡಿಸೋದು ಮಾತ್ರ ಮರೆಯಲೇಬೇಡಿ.

ನೆಲ

ರೆಡ್ ಆಕ್ಸೈಡ್ ಅಥವಾ ಬೂದು ಸಿಮೆಂಟ್ ನೆಲ ನನಗೆ ಎಲ್ಲಕ್ಕಿಂತ ಇಷ್ಟ, ಬರಿಗಾಲಿಗೆ ತಂಪು, ಅಜ್ಜಿ ಮನೆ ನೆಲ. ಆದ್ರೆ ಇಡೀ ಹಾಲ್‌ಗೆ ಒಂದೇ ಹಾಸು ಹಾಕಿದ್ರೆ ಬಿರುಕು ಬಂದೇ ಬರತ್ತೆ. ನಾಲ್ಕಡಿಗೊಂದು ಹಿತ್ತಾಳೆ ಅಥವಾ ಗಾಜಿನ ಪಟ್ಟಿ ಕೊಟ್ಟು ಚೌಕ ಮಾಡಿಸಿ, ಒಂದು ಕೋಣೆಗೆ ಬೇಕಾದಷ್ಟು ಬಣ್ಣ ಸಿಮೆಂಟು ಎಲ್ಲಾ ಒಂದೇ ಸಲ ಒಣಗಿದ್ದಾಗಲೇ ಬೆರೆಸಿಡಿ, ಇಲ್ಲಾಂದ್ರೆ ಒಂದು ಚೌಕ ಇಟ್ಟಿಗೆ ಬಣ್ಣ, ಪಕ್ಕದ್ದು ದಾಳಿಂಬೆ ಬಣ್ಣ ಆಗತ್ತೆ. ಫ್ಯಾನ್ ಆಫ್, ಕಿಟಕಿ ಮುಚ್ಚಿ, ಒಂದು ವಾರ ಆದ್ರೂ ತೇವ ಇಡಿ. ಬೋರ್‌ವೆಲ್ ನೀರು ಗಡುಸು ಇದ್ರೆ ಬಿಳಿ ಕಲೆ ಬರತ್ತೆ, ಸಾಧ್ಯ ಆದ್ರೆ ಮಳೆ ನೀರು ಬಳಸಿ.

ಕಲ್ಲು ಹಾಕ್ತಿದ್ರೆ ಓಡಾಡೋ ಕಡೆ ಸಾದಹಳ್ಳಿ ಗ್ರಾನೈಟು, ಒರಟು ಅಥವಾ ಫ್ಲೇಮ್ ಫಿನಿಶ್ (ಬೆಂಕಿ ತಾಗಿಸಿ ತರಿತರಿ ಮಾಡಿದ್ದು). ಹಳೇ ಕಾಂಪೌಂಡಿನ ಚಪ್ಪಡಿ ಕಲ್ಲು ಸಿಕ್ಕಿದ್ರೆ ಬಿಡಬೇಡಿ, ಅಂಗಳಕ್ಕೆ, ಕಟ್ಟೆಗೆ ಅದಕ್ಕಿಂತ ಒಳ್ಳೇದಿಲ್ಲ. ಕಲ್ಲಿನ ನೆಲ ಮತ್ತು ಮರದ ನೆಲ ಕೂಡೋ ಕಡೆ ಮಧ್ಯೆ 6 ಎಂಎಂ ಜಾಗ ಬಿಟ್ಟು ಹಿತ್ತಾಳೆ ಪಟ್ಟಿ ಒಂದು ಬದಿಗೆ ಮಾತ್ರ ಬಿಗಿ ಮಾಡಿಸಿ, ಮರ ಆ ಪಟ್ಟಿ ಕೆಳಗೆ ಹಿಂದೆ ಮುಂದೆ ಸರೀಲಿ.

ಕಬ್ಬಿಣ ಮತ್ತು ಮರ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಜಾಸ್ತಿ ಹಾಳಾಗೋದು ಇದೇ ಜೋಡಿ.

ಎರಡಡಿ ಅಗಲದ ಹಲಗೆ ಬೇಸಿಗೆಗೂ ಮಳೆಗಾಲಕ್ಕೂ ನಡುವೆ ಅಗಲದಲ್ಲಿ ಕೆಲವು ಎಂಎಂ ಹೆಚ್ಚು ಕಡಿಮೆ ಆಗತ್ತೆ, ಉದ್ದದಲ್ಲಿ ಹೆಚ್ಚೇನೂ ಇಲ್ಲ. ಕೆಳಗಿರೋ ಕಬ್ಬಿಣದ ಫ್ರೇಮು ತೇವಕ್ಕೆ ಕದಲಲ್ಲ. ವೆಲ್ಡರ್ ಸುಮ್ನೆ ಗುಂಡಗೆ ತೂತು ಹೊಡೆದು ನಾಲ್ಕು ಮೂಲೆಗೆ ಸ್ಕ್ರೂ ಬಿಗಿದು ಕೊಡ್ತಾರೆ, ಹಲಗೆಗೆ ಹೋಗೋಕೆ ಜಾಗ ಇಲ್ಲದೇ ಮಧ್ಯದಲ್ಲಿ ಸೀಳತ್ತೆ. ಮಾಡ್ಬೇಕಾದ್ದು ಇಷ್ಟೇ, ಫ್ರೇಮಿನ ಪಟ್ಟಿಯಲ್ಲಿ ಹಲಗೆಯ ಅಗಲದ ದಿಕ್ಕಿಗೆ ಉದ್ದನೇ ತೂತು, ಅಂದ್ರೆ 6 ಎಂಎಂ ಸ್ಕ್ರೂಗೆ ಸುಮಾರು 7×15ರ ತೂತು, ವಾಷರ್ ಹಾಕಿ ಹದವಾಗಿ ಬಿಗಿಯೋದು. ಫ್ಯಾಬ್ರಿಕೇಟರಿಗೆ ಬಾಯಲ್ಲಿ ಹೇಳಿದ್ರೆ ಮರೀತಾರೆ, ಚಿತ್ರ ಬರೆದು ಕೊಡಿ. ಮರ ತಗೊಳ್ಳೋವಾಗ ತೇವ ಅಳೆಯೋ ಮೀಟರ್ ಇಟ್ಟು ನೋಡಿ, 12 ಪರ್ಸೆಂಟ್ ಒಳಗಿರಲಿ. ಹಸಿ ಮರಕ್ಕೆ ಯಾವ ಜಾಯಿಂಟೂ ನಿಲ್ಲಲ್ಲ.

ಎರಡನೇದು ಕಪ್ಪು ಕಲೆ. ಮರದೊಳಗಿನ ಟ್ಯಾನಿನ್ ಕಬ್ಬಿಣದ ಜೊತೆ ತೇವದಲ್ಲಿ ಸೇರಿದ್ರೆ ನೀಲಿಗಪ್ಪು ಕಲೆ ಬರತ್ತೆ, ಉಜ್ಜಿದ್ರೂ ಹೋಗಲ್ಲ. ಅದಕ್ಕೇ ಮರಕ್ಕೆ ಹೋಗೋ ಸ್ಕ್ರೂ ಎಲ್ಲಾ ಎಸ್‌ಎಸ್ 304 (ಸ್ಟೇನ್‌ಲೆಸ್ ಸ್ಟೀಲ್) ಇರಲಿ, ಹಲಗೆ ಫ್ರೇಮಿನ ಮೇಲೆ ಕೂರೋ ಕಡೆ ತೆಳು ರಬ್ಬರ್ ಪಟ್ಟಿ ಹಾಕಿ. ಮೆಟ್ಟಿಲಲ್ಲಿ ಈ ರಬ್ಬರಿಂದ ಇನ್ನೊಂದು ಲಾಭ, ಹತ್ತಿಳಿಯೋವಾಗ ಕಿರಗುಟ್ಟೋ ಸದ್ದು, ಟಣ್ ಅನ್ನೋ ಸದ್ದು ಎರಡೂ ನಿಲ್ಲತ್ತೆ.

ಮೂರನೇದು ಕಂಬದ ಬುಡ. ನಮ್ಮ ತೊಟ್ಟಿ ಮನೆಗಳಲ್ಲಿ ಮರದ ಕಂಬನ ನೆಲಕ್ಕೆ ಹೂಳ್ತಿರಲಿಲ್ಲ, ಕೆಳಗೆ ಒಂದು ಕಲ್ಲಿನ ಪೀಠ ಇಟ್ಟು ಅದರ ಮೇಲೆ ನಿಲ್ಲಿಸ್ತಿದ್ರು. ನೆಲ ತೊಳೆದ ನೀರು, ಗೆದ್ದಲು ಎರಡರಿಂದಲೂ ಕಂಬ ದೂರ. ಈಗ ಅದೇ ಕೆಲಸಕ್ಕೆ ಕಬ್ಬಿಣದ ಶೂ ಮಾಡಿಸಿ, ಕಂಬದ ತುದಿ ನೆಲದಿಂದ ಒಂದಿಂಚು ಮೇಲೆ ನಿಲ್ಲೋ ಹಾಗೆ. ಮರದ ಕಂಬನ ಕಾಂಕ್ರೀಟಲ್ಲಿ ಹೂತು ನಿಲ್ಲಿಸೋಣ ಅಂತ ಯಾರು ಹೇಳಿದ್ರೂ ಒಪ್ಪಬೇಡಿ. ಹಾಗೇ ಬಾಗಿಲು ಚೌಕಟ್ಟಿನ ಬೆನ್ನು ಗೋಡೆಗೆ ತಾಗೋ ಕಡೆ ಪ್ರೈಮರ್ ಅಥವಾ ಬಿಟುಮೆನ್ ಹೊಡೆಸಿ ಆಮೇಲೆ ಕೂರಿಸಿ.

ಕಬ್ಬಿಣದ ಪೇಂಟ್ ಬಗ್ಗೆ. ಹೊಸ ಎಂಎಸ್ (ಮೈಲ್ಡ್ ಸ್ಟೀಲ್, ಅಂದ್ರೆ ಸಾಮಾನ್ಯ ಕಬ್ಬಿಣ) ಮೇಲೆ ನೀಲಿಗಪ್ಪು ಪದರ ಇರತ್ತಲ್ಲ, ಅದು ಗಟ್ಟಿ ಅಂತ ಅದರ ಮೇಲೇ ಬಣ್ಣ ಹೊಡೀತಾರೆ, ಒಂದೆರಡು ವರ್ಷಕ್ಕೆ ಪದರ ಸಮೇತ ಬಣ್ಣ ಎದ್ದು ಬರತ್ತೆ. ಗ್ರೈಂಡ್ ಮಾಡಿ ಅಥವಾ ಸ್ಯಾಂಡ್ ಬ್ಲಾಸ್ಟ್ ಮಾಡಿಸಿ ಬೆಳ್ಳಗೆ ತೆಗೆಸಿ, ಅದೇ ದಿನ ಪ್ರೈಮರ್ ಬೀಳಬೇಕು. ಒಳಗಡೆಗೆ ರೆಡ್ ಆಕ್ಸೈಡ್ ಪ್ರೈಮರ್ ನಡೆಯತ್ತೆ, ಹೊರಗಡೆಗೆ ಎಪಾಕ್ಸಿ ಅಥವಾ ಜಿಂಕ್ ಪ್ರೈಮರ್ ತಗೊಳ್ಳಿ. ಚೌಕ ಪೈಪಿನ ತುದಿ ಎಲ್ಲಾ ಮುಚ್ಚಿಸಿ, ತೆರೆದಿದ್ರೆ ನೀರು ಒಳಗೆ ಹೋಗಿ ಒಳಗಿಂದ ತುಕ್ಕು ಹಿಡಿಯತ್ತೆ. ತುಕ್ಕಿನ ಬಣ್ಣದ ಕಾರ್ಟೆನ್ ಸ್ಟೀಲ್ ಇಷ್ಟ ಇದ್ರೆ ಹೊರಗಡೆ ಮಾತ್ರ, ಅದರ ಕೆಳಗೆ ತಿಳಿ ಬಣ್ಣದ ಕಲ್ಲು ಬೇಡ, ಜಲ್ಲಿ ಹಾಕಿ, ಕಂದು ನೀರು ಅಲ್ಲೇ ಇಂಗಲಿ.

ಗಾಜು ಕಬ್ಬಿಣದ ಫ್ರೇಮಿಗೆ ನೇರವಾಗಿ ತಾಗಬಾರದು. 3 ಮೀಟರ್ ಕಬ್ಬಿಣ 30 ಡಿಗ್ರಿ ಜಾಸ್ತಿ ಬಿಸಿಯಾದ್ರೆ ಸುಮಾರು 1 ಎಂಎಂ ಬೆಳೆಯತ್ತೆ, ಸುತ್ತ 3 ಎಂಎಂ ಜಾಗ, ಕೆಳಗೆ ರಬ್ಬರ್ ಪ್ಯಾಡ್ ಇರಲಿ. ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ) ಗಾಜನ್ನ ಆಮೇಲೆ ಕತ್ತರಿಸೋಕಾಗಲ್ಲ, ಹಾಗಾಗಿ ಫ್ರೇಮ್ ಗೋಡೇಲಿ ಕೂತ ಮೇಲೇ ಅಳತೆ ತಗೊಂಡು ಆರ್ಡರ್ ಕೊಡಿ. ಅಲ್ಯುಮಿನಿಯಂ ಕಿಟಕಿ ಆದ್ರೆ ಅದರ ಮೇಲಿನ ಟೇಪ್ ಗಾರೆ ಕೆಲಸ ಮುಗಿಯೋ ತನಕ ತೆಗೆಯಬೇಡಿ, ಹಸಿ ಸಿಮೆಂಟ್ ಅಲ್ಯುಮಿನಿಯಮ್ಮನ್ನ ತಿಂದು ಕಲೆ ಮಾಡತ್ತೆ.

ಹಳೇ ಮರದ ಬಾಗಿಲು ಕಂಬ ತರೋದಾದ್ರೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕೇಳಿ, ಪೊಳ್ಳು ಸದ್ದು ಬಂದ್ರೆ ಒಳಗೆ ಗೆದ್ದಲು ತಿಂದಿದೆ. ಹಳೇ ಮೊಳೆ ಎಲ್ಲಾ ತೆಗೆಸಿಯೇ ಮಷೀನಿಗೆ ಕೊಡಿ. ಬಿದಿರು ಬೋರಾಕ್ಸ್ ಬೋರಿಕ್ ದ್ರಾವಣದಲ್ಲಿ ನೆನೆಸಿದ್ದೇ ಆಗಿರಬೇಕು, ಇಲ್ಲಾಂದ್ರೆ ಹುಳ ಹಿಡಿದು ಹಿಟ್ಟು ಉದುರತ್ತೆ.

ಅಡುಗೆಮನೆ, ದೇವರ ಮನೆ, ಬಾತ್‌ರೂಮು

ನಮ್ಮ ಅಡುಗೇಲಿ ಹುಣಸೆಹುಳಿ, ಅರಿಶಿನ, ಎಣ್ಣೆ ಮೂರೂ ದಿನಾ ಇರತ್ತೆ. ಹಾಗಾಗಿ ಕಟ್ಟೆಗೆ ಗ್ರಾನೈಟೇ ಸರಿ, ಸಿಮೆಂಟ್ ಕಟ್ಟೆ ಫೋಟೋಗೆ ಚೆನ್ನ, ಸಾರು ಚೆಲ್ಲಿದ ಮೇಲೆ ಅಲ್ಲ. ಒಗ್ಗರಣೆ ಹೊಗೆ ತಾಗೋ ಗೋಡೆಗೆ ಬರೀ ಇಟ್ಟಿಗೆ ಬೇಡ, ತೂತುಗಳಲ್ಲಿ ಎಣ್ಣೆ ಜಿಡ್ಡು ಕೂರತ್ತೆ, ಅಲ್ಲಿ ಎರಡಡಿ ಕಲ್ಲು ಅಥವಾ ಸ್ಟೀಲ್ ಶೀಟ್ ಹೊಡೆಸಿ. ಕಬೋರ್ಡ್ ಹಿಡಿಗೆ ಚನ್ನಪಟ್ಟಣದವರ ಹತ್ರ ಅರಗಿನ ಬಣ್ಣದ ಮರದ ಗುಬಟು ಮಾಡಿಸಿ, ಕಪ್ಪು ಅಥವಾ ಬೂದು ಬಾಗಿಲ ಮೇಲೆ ಆ ಹಳದಿ ಕೆಂಪು ಎಷ್ಟು ಚೆನ್ನಾಗಿ ಕಾಣತ್ತೆ ಅಂದ್ರೆ ಇಡೀ ಅಡುಗೆಮನೆಗೇ ಜೀವ ಬರತ್ತೆ.

ದೇವರ ಮನೇಲಿ ದೀಪದ ಎಣ್ಣೆ, ಕುಂಕುಮ, ಕರ್ಪೂರದ ಮಸಿ. ಸೀಲ್ ಮಾಡದ ಕಾಂಕ್ರೀಟ್ ಇದನ್ನೆಲ್ಲ ಕುಡಿದುಬಿಡತ್ತೆ. ದೀಪ ಇಡೋ ಕಡೆ ಪಾಲಿಶ್ ಮಾಡಿದ ಕಪ್ಪು ಗ್ರಾನೈಟ್ ತುಂಡು ಹಾಕಿ, ಸುತ್ತ ಏನು ಬೇಕಾದ್ರೂ ಇರಲಿ. ಬಾತ್‌ರೂಮಲ್ಲಿ ಕಡಪ, ಶಹಾಬಾದ್ ಹಾಕಿದ್ರೆ ಟಾಯ್ಲೆಟ್ ಆಸಿಡ್ ತಾಗಿಸೋ ಹಾಗಿಲ್ಲ, ಕೆಲಸಕ್ಕೆ ಬರೋ ಅಕ್ಕನಿಗೂ ಮೊದಲೇ ಹೇಳಿಡಿ.

ಬೆಳಕು ಮತ್ತು ಸದ್ದು

ಕಾಂಕ್ರೀಟು, ಕಲ್ಲು ಎರಡಕ್ಕೂ ಬಿಳಿ ಲೈಟ್ ಹಾಕಿದ್ರೆ ಆಸ್ಪತ್ರೆ ವಾರ್ಡ್ ತರ ಕಾಣತ್ತೆ, 2700ರಿಂದ 3000 ಕೆಲ್ವಿನ್‌ನ ಹಳದಿ ಬೆಳಕಿನ ಬಲ್ಬ್ ತಗೊಳ್ಳಿ. ಒರಟು ಗೋಡೆಗೆ ಎದುರಿಂದ ಲೈಟ್ ಬೇಡ, ಮೇಲಿಂದ ಗೋಡೆಗೆ ಒತ್ತಿಕೊಂಡು ಬೀಳಲಿ, ಆಗಲೇ ಒರಟುತನ ಕಾಣೋದು.

ಸದ್ದಿನ ಬಗ್ಗೆ ಮನೆಗೆ ಬಂದ ಮೇಲೆ ಗೊತ್ತಾಗತ್ತೆ, ಗಟ್ಟಿ ಮೇಲ್ಮೈ ಎಲ್ಲಾ ಸೇರಿ ಮಾತು ಗುಂಯ್ ಅನ್ನತ್ತೆ, ವಯಸ್ಸಾದವರಿಗೆ ಮಾತು ಕೇಳಿಸೋದೇ ಕಷ್ಟ. ನವಲಗುಂದದ ಜಮಖಾನ, ಗೋಡೆಗೆ ಒಂದು ಕೌದಿ, ದಪ್ಪ ಹತ್ತಿ ಪರದೆ, ತೆರೆದ ಪುಸ್ತಕದ ಕಪಾಟು ಇವೆಲ್ಲ ಸದ್ದು ಹೀರ್ಕೊಳ್ಳತ್ತೆ. ಉತ್ತರ ಕರ್ನಾಟಕದ ಕೌದಿ ಕಾಂಕ್ರೀಟ್ ಗೋಡೆ ಮೇಲೆ ನೇತು ಹಾಕಿದ್ರೆ ಬೇರೆ ಪೇಂಟಿಂಗೇ ಬೇಡ.

ಕೆಲಸದ ಕ್ರಮ ಮತ್ತು ಲೆಕ್ಕ

ಕಬ್ಬಿಣದ ಫ್ರೇಮು, ವೆಲ್ಡಿಂಗು, ಗ್ರೈಂಡಿಂಗು ಎಲ್ಲಾ ನೆಲದ ಕೆಲಸಕ್ಕೆ ಮುಂಚೆ ಮುಗೀಬೇಕು. ಗ್ರೈಂಡರಿನ ಕಿಡಿ ಕಲ್ಲಿನ ಮೇಲೆ, ಗಾಜಿನ ಮೇಲೆ ಬಿದ್ರೆ ಚುಕ್ಕಿ ಚುಕ್ಕಿ ತುಕ್ಕಾಗಿ ಉಳಿಯತ್ತೆ. ಆಮೇಲೆ ನೆಲ, ಆಮೇಲೆ ಗಾಜು, ಮರ ಎಲ್ಲಕ್ಕಿಂತ ಕೊನೆಗೆ, ಅದೂ ಮನೆ ಪೂರ್ತಿ ಒಣಗಿದ ಮೇಲೆ. ಗೃಹಪ್ರವೇಶದ ಮುಹೂರ್ತ ಹತ್ರ ಬಂತು ಅಂತ ಹಸಿ ಗೋಡೆ ಪಕ್ಕ ವಾರ್ಡ್‌ರೋಬ್ ಕೂರಿಸೋದು ಬೇಡ, ಪೂಜೆ ಮಾಡಿ ಹಾಲುಕ್ಕಿಸಿ, ಮರದ ಕೆಲಸ ಆಮೇಲೆ ಮಾಡಿಸಬಹುದು. ಇಂಜಿನಿಯರು, ಮೇಸ್ತ್ರಿ, ವೆಲ್ಡರು, ಬಡಗಿ, ಎಲೆಕ್ಟ್ರಿಷಿಯನ್ ಐದೂ ಜನನ ಒಂದು ಸಲ ಒಟ್ಟಿಗೆ ಸೈಟಲ್ಲಿ ನಿಲ್ಲಿಸಿ ಮಾತಾಡಿಸಿ, ಸೇರೋ ಜಾಗದ ಹೊಣೆ ಯಾರದು ಅಂತ ಅವತ್ತೇ ಬರೆದಿಟ್ಕೊಳ್ಳಿ. ಇಲ್ಲಾಂದ್ರೆ ಬಡಗಿ ವೆಲ್ಡರ್ ಕಡೆ, ವೆಲ್ಡರ್ ಮೇಸ್ತ್ರಿ ಕಡೆ ತೋರಿಸ್ತಾರೆ.

ಕಬ್ಬಿಣದ ಕೆಲಸ ಕೆಜಿ ಲೆಕ್ಕ. ಪಟ್ಟಿಯ ಅಗಲ ಎಂಎಂ × ದಪ್ಪ ಎಂಎಂ × 0.00785 ಅಂದ್ರೆ ಒಂದು ಮೀಟರ್ ತೂಕ ಕೆಜಿಯಲ್ಲಿ. 50×6 ಪಟ್ಟಿ ಸುಮಾರು 2.36 ಕೆಜಿ, 40×40×2 ಚೌಕ ಪೈಪು ಸುಮಾರು 2.4 ಕೆಜಿ. ಮರ ಸಿಎಫ್‌ಟಿ (ಘನ ಅಡಿ) ಲೆಕ್ಕ, ಉದ್ದ ಅಡಿ × ಅಗಲ ಇಂಚು × ದಪ್ಪ ಇಂಚು, ಭಾಗಿಸು 144. ಆರಡಿ ಉದ್ದ, 24 ಇಂಚು ಅಗಲ, 2 ಇಂಚು ದಪ್ಪ ಅಂದ್ರೆ 2 ಸಿಎಫ್‌ಟಿ. ರಂದ ಹೊಡೆದ ಮೇಲಿನ ಅಳತೆನಾ, ಮುಂಚಿನದ್ದಾ ಅಂತ ಕೇಳಿ, ದುಡ್ಡಲ್ಲಿ ವ್ಯತ್ಯಾಸ ಜಾಸ್ತಿ.

ನೋಡ್ಕೊಳ್ಳೋದು

ಮೊದಲ ಮಳೆಗಾಲ ಮುಗಿದ ಮೇಲೆ ನವೆಂಬರ್ ಕೊನೇಲಿ ಒಂದು ಭಾನುವಾರ ಟಾರ್ಚ್ ಹಿಡ್ಕೊಂಡು ಎಲ್ಲಾ ಜಾಯಿಂಟ್ ನೋಡಿ ಬನ್ನಿ. ವೆಲ್ಡ್ ಹತ್ರ ಕಂದು ಚುಕ್ಕೆ ಕಂಡ್ರೆ ಅವತ್ತೇ ಉಜ್ಜಿ ಪ್ರೈಮರ್ ಮುಟ್ಟಿಸಿ, ದೊಡ್ಡದಾಗೋಕೆ ಬಿಡಬೇಡಿ. ಮಣ್ಣಿನ ಗೋಡೆ ಬುಡದಲ್ಲಿ ಬಿಳಿ ಉಪ್ಪು ಬಂದಿದ್ರೆ ಒಣ ಬ್ರಷ್ಷಲ್ಲಿ ಉಜ್ಜಿ ತೆಗೀರಿ, ನೀರು ಎಲ್ಲಿಂದ ಬರ್ತಿದೆ ಹುಡುಕಿ. ಕಲ್ಲಿನ ಸೀಲರ್ ಇನ್ನೂ ಇದೆಯಾ ಅಂತ ಒಂದು ಹನಿ ನೀರು ಹಾಕಿ ನೋಡಿ, ಮುತ್ತಿನ ತರ ನಿಂತ್ರೆ ಇದೆ, ಹೀರ್ಕೊಂಡ್ರೆ ಮತ್ತೆ ಹೊಡೆಸಿ. ಸಿಮೆಂಟ್ ನೆಲಕ್ಕೆ ವರ್ಷಕ್ಕೊಮ್ಮೆ ಮೇಣ.

ಮರಕ್ಕೆ ಎಣ್ಣೆ ಹಚ್ಚೋರು ಒಣ ಬೇಸಿಗೇಲಿ, ತೆಳ್ಳಗೆ, ಎರಡು ಕೈ ಹಚ್ಚಿ, ಅರ್ಧ ಗಂಟೆ ಬಿಟ್ಟು ಮಿಕ್ಕಿದ್ದನ್ನ ಪೂರ್ತಿ ಒರೆಸಿ ತೆಗೀರಿ, ಇಲ್ಲಾಂದ್ರೆ ಅಂಟಂಟಾಗಿ ಧೂಳು ಹಿಡಿಯತ್ತೆ. ಅಗಸೆ ಎಣ್ಣೆ ಒರೆಸಿದ ಬಟ್ಟೆನ ಮುದ್ದೆ ಮಾಡಿ ಮೂಲೇಲಿ ಎಸೀಬೇಡಿ, ಅದು ಒಣಗ್ತಾ ತಾನೇ ಬಿಸಿಯಾಗಿ ಬೆಂಕಿ ಹತ್ತಿಕೊಳ್ಳೋ ಸಾಧ್ಯತೆ ಇದೆ. ಹೊರಗಡೆ ಒಂದೊಂದೇ ಬಿಡಿಸಿ ಹರಡಿ ಪೂರ್ತಿ ಒಣಗಿಸಿ, ಇಲ್ಲಾಂದ್ರೆ ನೀರಲ್ಲಿ ನೆನೆಸಿ ಆಮೇಲೆ ಕಸಕ್ಕೆ ಹಾಕಿ.